ಗಂಡನ ಹೊಟ್ಟೆ, ಹೆಂಡತಿಯ ಸೊಂಟ

ಮುಂದಿನ ಸಲ ಮದುವೆ ಮನೆಗೆ ಹೋದಾಗ ಊಟದ ಪಂಕ್ತಿ ಏಳುವ ಹೊತ್ತಿನಲ್ಲಿ ಸುಮ್ಮನೆ ಒಂದು ಕಡೆ ನಿಂತು ನೋಡಿ. ನಲವತ್ತು ದಾಟಿದ ಗಂಡಸರು ಕೈ ತೊಳೆಯಲು ಹೋಗುವಾಗ ಮೊದಲು ಹೊಟ್ಟೆ ಹೋಗುತ್ತದೆ, ಹಿಂದಿನಿಂದ ಮನುಷ್ಯ ಹೋಗುತ್ತಾನೆ. ಕೈಕಾಲು ಮಾತ್ರ ಸಣಕಲು. ಅದೇ ವಯಸ್ಸಿನ ಹೆಂಗಸರ ಮೈ ಬೇರೆ ರೀತಿಯಲ್ಲಿ ತುಂಬಿರುತ್ತದೆ: ಸೊಂಟದ ಕೆಳಗೆ, ತೊಡೆಗಳಲ್ಲಿ, ತೋಳುಗಳಲ್ಲಿ. ಇನ್ನು ಅರವತ್ತರ ಅಜ್ಜಿಯರನ್ನು ಗಮನಿಸಿ. ಅವರಲ್ಲಿ ಹಲವರ ಮೈಕಟ್ಟು ಗಂಡಸರ ಹಾಗೆಯೇ ಆಗಿಬಿಟ್ಟಿರುತ್ತದೆ. ಕಾಲು ಸಣ್ಣ, ಹೊಟ್ಟೆ ಮುಂದೆ.

ಒಂದೇ ಒಲೆಯ ಅಡುಗೆ ಉಂಡ ಗಂಡಹೆಂಡಿರ ಮೈಯಲ್ಲಿ ಕೊಬ್ಬು ಬೇರೆ ಬೇರೆ ಜಾಗದಲ್ಲಿ ಕೂರುತ್ತದೆ. ಅದು ಎಲ್ಲಿ ಕೂತಿದೆ ಎಂಬುದರ ಮೇಲೆ ಯಾರಿಗೆ, ಯಾವ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬರುತ್ತದೆ, ಯಾರ ಹೃದಯ ಮೊದಲು ಸೋಲುತ್ತದೆ ಎಂಬುದು ಬಹುಮಟ್ಟಿಗೆ ನಿಂತಿದೆ. ತೂಕದ ಯಂತ್ರ ಇದನ್ನು ಹೇಳುವುದಿಲ್ಲ. ಅದಕ್ಕೆ ಎಂಬತ್ತು ಕೆ.ಜಿ. ಅಂದರೆ ಎಂಬತ್ತು ಕೆ.ಜಿ., ಅಷ್ಟೆ.

ನಮ್ಮ ಮಾತಿನಲ್ಲಿ ಈ ಭೇದ ಮೊದಲಿನಿಂದಲೂ ಇದೆ. ‘ಮೈಕೈ ತುಂಬಿಕೊಂಡಿದ್ದಾಳೆ’ ಎಂದರೆ ಮೆಚ್ಚುಗೆಯ ಮಾತು. ‘ಬೊಜ್ಜು ಬಂದಿದೆ’ ಎಂದರೆ ಎಲ್ಲರ ಕಣ್ಣೂ ಹೊಟ್ಟೆಯ ಕಡೆಗೇ ಹೋಗುತ್ತದೆ. ವೈದ್ಯಶಾಸ್ತ್ರಕ್ಕೆ ಇದು ಹೊಳೆದದ್ದು ತಡವಾಗಿ. ಫ್ರಾನ್ಸಿನ ಮಾರ್ಸೇಲ್ ನಗರದ ವೈದ್ಯ ಜಾನ್ ವಾಗ್ ಎಂಬವರು 1947ರಲ್ಲಿ ಸ್ಥೂಲಕಾಯದಲ್ಲಿ ಗಂಡುಬಗೆ, ಹೆಣ್ಣುಬಗೆ ಎಂದು ಎರಡು ವಿಧಗಳಿವೆ ಎಂದು ಬರೆದರು. ಮೇಲ್ಭಾಗದಲ್ಲಿ ಕೊಬ್ಬು ಕೂಡಿಸಿಕೊಂಡವರಿಗೇ ಮಧುಮೇಹ ಮತ್ತು ರಕ್ತನಾಳದ ಕಾಯಿಲೆಗಳು ಹೆಚ್ಚು ಎಂಬುದು ಅವರು ಕಂಡುಕೊಂಡ ವಿಷಯ. ಆಗ ಬಹಳ ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಸ್ಕ್ಯಾನಿಂಗ್ ಯಂತ್ರಗಳು ಬಂದ ಮೇಲೆ ಅದು ಎಲ್ಲರೂ ಒಪ್ಪಿದ ಮಾತಾಗಿದೆ.

ಹಗೇವು ತುಂಬಿದ ಮೇಲೆ

ಕೊಬ್ಬು ಕೆಟ್ಟದ್ದೇ ಎಂಬ ಭಾವನೆ ಮೊದಲು ಹೋಗಬೇಕು. ಅದು ದೇಹದ ದಾಸ್ತಾನು. ನಮ್ಮ ಹಾಗಲವಾಡಿ ಸೀಮೆಯ ಹಿರಿಯರಿಗೆ ಹಗೇವು ನೆನಪಿರಬಹುದು. ಸುಗ್ಗಿಯ ರಾಗಿಯನ್ನು ನೆಲದೊಳಗಿನ ಹಗೇವಿಗೆ ಹಾಕಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು, ಬರಗಾಲಕ್ಕೆ ಆಗುತ್ತಿತ್ತು. ಚರ್ಮದ ಕೆಳಗಿನ ಕೊಬ್ಬು, ಅದರಲ್ಲೂ ತೊಡೆ ಮತ್ತು ಪೃಷ್ಠದ ಕೊಬ್ಬು, ಇಂಥ ಹಗೇವು. ಮಿಕ್ಕಿದ ಶಕ್ತಿಯನ್ನು ತನ್ನೊಳಗೆ ಎಳೆದುಕೊಂಡು ಬಾಯಿ ಮುಚ್ಚಿ ಕೂರುತ್ತದೆ, ಯಾರಿಗೂ ತೊಂದರೆ ಕೊಡುವುದಿಲ್ಲ.

ಹಗೇವು ತುಂಬಿಹೋದರೆ? ಅಥವಾ ಹಗೇವೇ ಚಿಕ್ಕದಾಗಿದ್ದರೆ? ಮೂಟೆಗಳನ್ನು ಒಲೆಯ ಪಕ್ಕ, ನಡುಮನೆಯಲ್ಲಿ, ದಾರಿಗೆ ಅಡ್ಡವಾಗಿ ಪೇರಿಸಬೇಕಾಗುತ್ತದೆ. ಹೊಟ್ಟೆಯೊಳಗೆ, ಕರುಳಿನ ಸುತ್ತ ಸೇರುವ ಕೊಬ್ಬು ಇಂಥದು. ಈ ಕೊಬ್ಬು ಸುಮ್ಮನಿರುವುದಿಲ್ಲ. ಅದರಿಂದ ಸೋರುವ ಕೊಬ್ಬಿನಾಮ್ಲಗಳು ಕರುಳಿನ ರಕ್ತನಾಳದ ಮೂಲಕ ನೇರವಾಗಿ ಯಕೃತ್ತಿಗೆ, ಅಂದರೆ ನಾವೆಲ್ಲ ಲಿವರ್ ಎನ್ನುವ ಅಂಗಕ್ಕೆ, ಹೋಗಿ ಬೀಳುತ್ತವೆ. ಲಿವರಿನಲ್ಲೇ ಕೊಬ್ಬು ಸೇರುತ್ತದೆ. ಹೊಟ್ಟೆನೋವೆಂದು ಸ್ಕ್ಯಾನಿಂಗ್ ಮಾಡಿಸಿದಾಗ ರಿಪೋರ್ಟಿನಲ್ಲಿ ‘ಫ್ಯಾಟಿ ಲಿವರ್’ ಎಂದು ಬರೆದುಕೊಡುತ್ತಾರಲ್ಲ, ಅದೇ ಇದು. ಕೊಬ್ಬು ತುಂಬಿದ ಲಿವರು ಇನ್ಸುಲಿನ್ನಿನ ಮಾತು ಕೇಳುವುದಿಲ್ಲ. ಊಟವಿಲ್ಲದ ರಾತ್ರಿಯಲ್ಲೂ ರಕ್ತಕ್ಕೆ ಸಕ್ಕರೆ ಸುರಿಯುತ್ತಲೇ ಇರುತ್ತದೆ. ಮೇದೋಜೀರಕ ಗ್ರಂಥಿ ಹೆಚ್ಚು ಹೆಚ್ಚು ಇನ್ಸುಲಿನ್ ತಯಾರಿಸಿ ಹಲವು ವರ್ಷ ಹೋರಾಡುತ್ತದೆ, ಕೊನೆಗೆ ದಣಿಯುತ್ತದೆ. ಆ ದಿನ ನಮ್ಮ ಲ್ಯಾಬಿನ ಚೀಟಿಯಲ್ಲಿ ಸಕ್ಕರೆ ಕಾಣಿಸುತ್ತದೆ. ಕಾಯಿಲೆ ಶುರುವಾಗಿದ್ದು ಅಂದಲ್ಲ, ಹತ್ತು ವರ್ಷ ಮೊದಲು. ಇದರ ಜೊತೆಗೇ ರಕ್ತದಲ್ಲಿ ಟ್ರೈಗ್ಲಿಸರೈಡ್ ಏರುತ್ತದೆ, ಒಳ್ಳೆಯ ಕೊಲೆಸ್ಟರಾಲ್ ಇಳಿಯುತ್ತದೆ, ರಕ್ತದೊತ್ತಡ ಮೇಲೇರುತ್ತದೆ. ಈ ನಾಲ್ಕೂ ಒಂದೇ ತಾಯಿಯ ಮಕ್ಕಳು.

ಈಗ ಗಂಡು ಹೆಣ್ಣಿನ ವಿಷಯಕ್ಕೆ ಬರೋಣ. ಹೆಣ್ಣಿನ ದೇಹದಲ್ಲಿ ಪ್ರಕೃತಿ ದೊಡ್ಡ ಹಗೇವನ್ನೇ ತೋಡಿಟ್ಟಿದೆ. ಮೈನೆರೆದ ಮೇಲೆ ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೊಜೆನ್ ಎಂಬ ಹಾರ್ಮೋನು ಕೊಬ್ಬನ್ನು ಸೊಂಟ, ತೊಡೆಗಳ ಕಡೆಗೆ ಕಳುಹಿಸುತ್ತದೆ. ಆರೋಗ್ಯವಂತ ತರುಣಿಯ ತೂಕದಲ್ಲಿ ಸುಮಾರು ಕಾಲುಭಾಗ ಕೊಬ್ಬೇ ಇರುತ್ತದೆ. ಅದೇ ವಯಸ್ಸಿನ ತರುಣನಲ್ಲಿ ನೂರಕ್ಕೆ ಹದಿನೈದರಿಂದ ಇಪ್ಪತ್ತು. ಹೆಚ್ಚು ಕೊಬ್ಬಿದ್ದರೂ ಸಕ್ಕರೆ ಕಾಯಿಲೆ, ಹೃದಯಾಘಾತಗಳು ಆ ವಯಸ್ಸಿನಲ್ಲಿ ಗಂಡಸರಿಗೇ ಹೆಚ್ಚು. ದಾಸ್ತಾನು ಸರಿಯಾದ ಜಾಗದಲ್ಲಿರುವುದು ಇದಕ್ಕೆ ಒಂದು ಮುಖ್ಯ ಕಾರಣ.

ಈ ದಾಸ್ತಾನಿಗೆ ಒಂದು ಉದ್ದೇಶವೂ ಇದೆ. ತೊಡೆಯ ಕೊಬ್ಬು ಮೊಂಡು, ಸುಲಭಕ್ಕೆ ಕರಗುವುದಿಲ್ಲ. ಆದರೆ ಬಸುರಿನ ಕೊನೆಯ ತಿಂಗಳುಗಳಲ್ಲಿ ಮತ್ತು ಹಾಲೂಡಿಸುವ ಕಾಲದಲ್ಲಿ ತಾನಾಗಿ ಬಾಯಿ ತೆರೆಯುತ್ತದೆ. ಮಗುವಿನ ಮಿದುಳು ಬೆಳೆಯಲು ಬೇಕಾದ ಕೊಬ್ಬಿನಾಮ್ಲಗಳಲ್ಲಿ ಒಂದು ಪಾಲು ಬರುವುದು ಇಲ್ಲಿಂದಲೇ. ಬಾಣಂತಿಗೆ ತುಪ್ಪ, ಕೊಬ್ಬರಿ, ಬೆಲ್ಲ ತಿನ್ನಿಸುವ ಪದ್ಧತಿ ಹುಟ್ಟಿದ್ದು ಉಣ್ಣಲು ಸಾಲದಿದ್ದ ಕಾಲದಲ್ಲಿ. ಎಂಟು ಮಕ್ಕಳ ತಾಯಿಗೆ ಅದು ಬೇಕಿತ್ತು. ಈಗ ಹೊಲ ಬಿಟ್ಟು ಮನೆ ಸೇರಿರುವ, ಮಗುವಿಗೆ ಎರಡನೇ ತಿಂಗಳಿಗೇ ಡಬ್ಬಿ ಹಾಲು ಹಿಡಿಸುವ ತಾಯಿಗೆ ಅಷ್ಟೇ ತುಪ್ಪ ತಿನ್ನಿಸಿದರೆ ಅದು ಎಲ್ಲಿಗೆ ಹೋಗಬೇಕು? ತುಂಬುತ್ತದೆ, ಖರ್ಚಾಗುವುದಿಲ್ಲ. ಅಜ್ಜಿಯರು ನನ್ನ ಮೇಲೆ ಸಿಟ್ಟಾಗಬಾರದು. ಬಾಣಂತನದ ಆರೈಕೆ ಬೇಡವೆಂದು ನಾನು ಹೇಳುತ್ತಿಲ್ಲ. ಹಾಲೂಡಿಸುವುದನ್ನು ಬಿಡಿಸಬೇಡಿ, ಕೊಬ್ಬರಿ ಸ್ವಲ್ಪ ಕಡಿಮೆ ಮಾಡಿ, ಅಷ್ಟೇ.

ಇಲ್ಲಿ ಕಾಲೇಜು ಹುಡುಗಿಯರಿಗೂ ಒಂದು ಮಾತಿದೆ. ತೊಡೆ ದಪ್ಪ ಎಂದು ಕನ್ನಡಿ ಮುಂದೆ ಕೊರಗಿ ಬೆಳಗಿನ ತಿಂಡಿ ಬಿಟ್ಟು ಬರುವವರನ್ನು ನಾನು ವಾರಕ್ಕೊಬ್ಬರಂತೆ ನೋಡುತ್ತೇನೆ. ಅವರಿಗೆ ಸಿಗುವುದು ರಕ್ತಹೀನತೆ. ತೊಡೆ ಇದ್ದ ಹಾಗೇ ಇರುತ್ತದೆ. ಆ ಕೊಬ್ಬಿನಿಂದ ಕೇಡಿಲ್ಲ. ಆದರೆ ಅದೇ ವಯಸ್ಸಿನಲ್ಲಿ ಹೊಟ್ಟೆ ಬರತೊಡಗಿ, ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಾ, ಗಲ್ಲದ ಮೇಲೆ ಕೂದಲು, ಕತ್ತಿನ ಹಿಂದೆ ಕಪ್ಪು ಪಟ್ಟೆ ಕಾಣಿಸಿಕೊಂಡರೆ ಅದು ಬೇರೆ ಸಂಗತಿ. ಗಂಡು ಹಾರ್ಮೋನು ಹೆಚ್ಚಾಗುವ, ಎಲ್ಲರೂ ಈಗ ಪಿಸಿಓಡಿ ಎನ್ನುವ ತೊಂದರೆಯಲ್ಲಿ ಹೆಣ್ಣಿನ ಮೈಯಲ್ಲೂ ಕೊಬ್ಬು ಗಂಡಿನ ಜಾಗಕ್ಕೆ ಹೋಗುತ್ತದೆ. ಅವರಿಗೆ ಸಕ್ಕರೆ ಪರೀಕ್ಷೆ ಆಗಲೇಬೇಕು. ‘ಮದುವೆಯಾದರೆ ಸರಿಹೋಗುತ್ತದೆ’ ಎಂದು ಕೂರಬೇಡಿ.

ಗಂಡಸಿನ ಹಗೇವು ಚಿಕ್ಕದು. ಬೇಗ ತುಂಬುತ್ತದೆ, ಉಳಿದದ್ದು ಹೊಟ್ಟೆಗೆ. ಸ್ಕಾಟ್ಲೆಂಡಿನಲ್ಲಿ ಸಾವಿರಾರು ಮಧುಮೇಹಿಗಳ ದಾಖಲೆಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಕಾಯಿಲೆ ಪತ್ತೆಯಾದಾಗ ಗಂಡಸರ ದೇಹತೂಕದ ಸೂಚ್ಯಂಕ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಸರಾಸರಿ 32ರ ಆಸುಪಾಸು. ಹೆಂಗಸರದು 34ರ ಆಸುಪಾಸು. ಎಂದರೆ ಗಂಡಸು ಹೆಂಗಸಿಗಿಂತ ಕಡಿಮೆ ದಪ್ಪವಿರುವಾಗಲೇ ಸಿಕ್ಕಿಬೀಳುತ್ತಾನೆ.

ತೆಳ್ಳಗಿದ್ದೇವೆಂಬ ಧೈರ್ಯ

32, 34 ಎಂಬ ಅಂಕಿಗಳನ್ನು ನೋಡಿ ‘ನಮ್ಮದು ಬರೀ 24, ನಾವು ಪಾರು’ ಎಂದುಕೊಳ್ಳಬೇಡಿ. ಅದು ಬಿಳಿಯರ ಲೆಕ್ಕ. ನಮ್ಮಲ್ಲಿ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಸ್ಥೂಲಕಾಯ ಎಂದು ಭಾರತೀಯ ತಜ್ಞರು 2009ರಲ್ಲೇ ನಿಗದಿ ಮಾಡಿದ್ದಾರೆ. ಕಾರಣ ತಿಳಿಯಲು ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚು ಮಾಡಿಸಿದ ತಮ್ಮ ಜೋಡಿ ಫೋಟೋವನ್ನು ನೆನೆಯಬೇಕು. ಇಬ್ಬರೂ ತೆಳ್ಳಗಿನವರೇ, ಇಬ್ಬರ ಸೂಚ್ಯಂಕವೂ 22.3. ಆದರೆ ಯಡ್ಕಿನ್ನರ ಮೈಯಲ್ಲಿದ್ದ ಕೊಬ್ಬು ಶೇ. 9.1, ಯಾಜ್ಞಿಕರದು ಶೇ. 21.2!

ಇದಕ್ಕೆ ಬೇರು ತೊಟ್ಟಿಲಿನಲ್ಲೇ ಇದೆಯೇ ಎಂದು ಹುಡುಕಿದವರು ನಮ್ಮ ಮೈಸೂರಿನವರು. ಅಲ್ಲಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ಪುಸ್ತಕಗಳು ಉಳಿದುಕೊಂಡಿದ್ದವು. ಆ ಪುಸ್ತಕಗಳನ್ನು ಹಿಡಿದು, 1934ರಿಂದ 1954ರವರೆಗೆ ಅಲ್ಲಿ ಹುಟ್ಟಿ ಮೈಸೂರಲ್ಲೇ ಬದುಕಿದ್ದ 517 ಮಂದಿ ಗಂಡಸರು, ಹೆಂಗಸರನ್ನು ಪತ್ತೆ ಹಚ್ಚಿ ಪರೀಕ್ಷಿಸಿದರು. 1996ರಲ್ಲಿ ಫಲಿತಾಂಶ ಹೊರಬಂತು. ಎರಡೂವರೆ ಕೆ.ಜಿ.ಯೊಳಗೆ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು, ಮೂರು ಕೆ.ಜಿ.ಗಿಂತ ಹೆಚ್ಚು ತೂಗಿದವರಲ್ಲಿ ಬರೀ 3 ಮಂದಿಗೆ. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರನ್ನು ಸೇರಿಸಿಕೊಂಡು ಅವರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಇನ್ನೊಂದು ಅಧ್ಯಯನ ನಡೆಯಿತು. ಇಂಗ್ಲೆಂಡಿನ ಕೂಸುಗಳ ಮುಂದೆ ನಮ್ಮ ಕೂಸುಗಳು ಸಣ್ಣವು, ಮಾಂಸಖಂಡ ಕಡಿಮೆ. ಆದರೆ ಬೆನ್ನಿನ ಮೇಲೆ ಹೆಗಲ ಮೂಳೆಯ ಕೆಳಗೆ ಚಿವುಟಿ ಅಳೆದ ಕೊಬ್ಬು ಮಾತ್ರ ಆ ಪ್ರಮಾಣದಲ್ಲಿ ಕಡಿಮೆಯಾಗಿರಲಿಲ್ಲ. ನಡುಮೈಯಲ್ಲಿ ಕೊಬ್ಬು ಕೂಡಿಡುವ ಚಾಳಿ ನಮಗೆ ಹುಟ್ಟಿನಿಂದಲೇ ಬಂದಿದೆ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಬಸುರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿದ್ದ ತಾಯಂದಿರ ಮಕ್ಕಳನ್ನು ಐದನೇ ವರ್ಷದಲ್ಲಿ ನೋಡಿದಾಗ, ಹೆಣ್ಣುಮಕ್ಕಳ ಮೈಯಲ್ಲಿ ಕೊಬ್ಬೂ ರಕ್ತದಲ್ಲಿ ಇನ್ಸುಲಿನ್ನೂ ಉಳಿದ ಹುಡುಗಿಯರಿಗಿಂತ ಹೆಚ್ಚಾಗಿದ್ದವು. ಗಂಡುಮಕ್ಕಳಲ್ಲಿ ಆ ವಯಸ್ಸಿಗೆ ಹಾಗೆ ಕಾಣಲಿಲ್ಲ. ಆ ಹುಡುಗಿಯರೇ ಮುಂದೆ ತಾಯಂದಿರಾಗುವವರು. ಬಸುರಿನಲ್ಲಿ ಬಂದ ಸಕ್ಕರೆ ಹೆರಿಗೆಯಾದ ಮೇಲೆ ಹೋಯಿತೆಂದು ಫೈಲನ್ನು ಅಟ್ಟಕ್ಕೆ ಹಾಕುವ ಮನೆಯವರು ಇದನ್ನು ಗಮನಿಸಬೇಕು. ಆ ತಾಯಿಗೆ ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ಬೇಕು.

ಮುಟ್ಟು ನಿಂತ ಮೇಲೆ

ಹಾಗಲವಾಡಿ ಹೋಬಳಿಯ ಒಂದು ಹಳ್ಳಿಯಿಂದ ದಂಪತಿ ಮೊದಲ ಸಲ ನನ್ನ ಬಳಿ ಬಂದಿದ್ದರು. ಗಂಡನಿಗೆ ನಲವತ್ತೆರಡಕ್ಕೇ ಸಕ್ಕರೆ ಕಾಯಿಲೆ; ಹದಿನಾಲ್ಕು ವರ್ಷದ ಚೀಟಿಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಜೋಡಿಸಿಟ್ಟುಕೊಂಡು ಬಂದವರು ಹೆಂಡತಿ. ಯಾವ ಮಾತ್ರೆ ಎಷ್ಟು ಹೊತ್ತಿಗೆ ಎಂಬುದು ಅವರಿಗೆ ಬಾಯಿಪಾಠ. ಅವರ ಕಾಲಿನಲ್ಲಿ ಬಟ್ಟೆ ಸುತ್ತಿದ್ದ ಗಾಯ ಕಂಡಿತು. ಒಂದೂವರೆ ತಿಂಗಳಿಂದ ಮಾಯುತ್ತಿಲ್ಲವಂತೆ. ನೋಡಲು ಹೋದರೆ, ‘ನಂಗೇನಾಗೈತೆ ಸಾರ್, ಮೊದ್ಲು ಇವ್ರುದು ನೋಡಿ’ ಎಂದರು. ಪರೀಕ್ಷೆ ಮಾಡಿಸಿದರೆ ಗಂಡನ ಸಕ್ಕರೆಗಿಂತ ಅವರದೇ ಹೆಚ್ಚು. ಐವತ್ತೆರಡು ವರ್ಷದ ಆ ತಾಯಿ ಜೀವಮಾನದಲ್ಲಿ ಒಮ್ಮೆಯೂ ಸಕ್ಕರೆ ಪರೀಕ್ಷೆ ಮಾಡಿಸಿಕೊಂಡಿರಲಿಲ್ಲ.

ನಮ್ಮ ದೇಶದ ಹೆಂಗಸರಿಗೆ ಸರಾಸರಿ ನಲವತ್ತಾರು, ನಲವತ್ತೇಳಕ್ಕೆ ಮುಟ್ಟು ನಿಲ್ಲುತ್ತದೆ. ಈಸ್ಟ್ರೊಜೆನ್ ಕಡಿಮೆಯಾದೊಡನೆ ಹಗೇವಿನ ಕಾವಲುಗಾರ ಹೋದಂತೆ. ಹೊಸ ಕೊಬ್ಬು ಹೊಟ್ಟೆಯ ಕಡೆಗೆ ತಿರುಗುತ್ತದೆ. ತೂಕ ಒಂದು ಕೆ.ಜಿ. ಹೆಚ್ಚದಿದ್ದರೂ ಸೀರೆಯ ನೆರಿಗೆ ಸಿಕ್ಕಿಸುವ ಜಾಗದಲ್ಲಿ ಬಿಗಿತ ತಿಳಿಯುತ್ತದೆ. ಕೆಟ್ಟ ಕೊಲೆಸ್ಟರಾಲ್ ಏರತೊಡಗುತ್ತದೆ. ಗಂಡಸು ನಲವತ್ತರಲ್ಲಿ ನಿಂತ ಜಾಗಕ್ಕೆ ಹೆಂಗಸು ಐವತ್ತೈದರಲ್ಲಿ ಬಂದು ನಿಲ್ಲುತ್ತಾಳೆ. ಚಿಕ್ಕ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡವರಿಗೆ ಇದು ಇನ್ನೂ ಬೇಗ. ಜೊತೆಗೆ ಅಂಡಾಶಯವನ್ನೂ ತೆಗೆದಿದ್ದರೆ ಆ ದಿನವೇ ಮುಟ್ಟು ನಿಂತ ಲೆಕ್ಕ. ಅಂಡಾಶಯ ಉಳಿಸಿದ್ದರೂ ಕೆಲವರಲ್ಲಿ ಅದು ಬೇಗ ಸೊರಗುತ್ತದೆ. ‘ಮಕ್ಕಳಾಯಿತಲ್ಲ, ಇನ್ನು ಅದು ಏಕೆ’ ಎಂದು ಮೂವತ್ತೈದಕ್ಕೇ ಆಪರೇಷನ್ನಿಗೆ ಒಪ್ಪುವ ಮೊದಲು ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿ.

ಇನ್ನೊಂದು ಕಹಿ ಸತ್ಯವಿದೆ. ಮಧುಮೇಹ ಒಮ್ಮೆ ಬಂದರೆ ಹೆಣ್ಣಿಗೆ ಹೃದಯದ ವಿಷಯದಲ್ಲಿದ್ದ ರಿಯಾಯಿತಿ ಬಹುಪಾಲು ಹೊರಟುಹೋಗುತ್ತದೆ. ಮಧುಮೇಹವಿಲ್ಲದವರೊಡನೆ ಹೋಲಿಸಿದಾಗ ಮಧುಮೇಹಿ ಹೆಂಗಸಿನ ಹೃದ್ರೋಗದ ಅಪಾಯ ಏರುವ ಪ್ರಮಾಣ ಗಂಡಸಿನದಕ್ಕಿಂತ ಹೆಚ್ಚು. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನದವರು ಇದನ್ನು 1970ರ ದಶಕದಲ್ಲೇ ಹೇಳಿದ್ದರು. ಆದರೂ ಎದೆಯುರಿ, ಸುಸ್ತು, ಬೆನ್ನುನೋವು ಎಂದು ಹೆಂಗಸು ಹೇಳಿದರೆ ಮನೆಯವರೂ ಮೆಡಿಕಲ್ ಸ್ಟೋರಿನವರೂ ‘ಗ್ಯಾಸ್ಟ್ರಿಕ್’ ಎಂದು ತೀರ್ಮಾನಿಸಿಬಿಡುತ್ತಾರೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮೊದಲ ಬಾರಿಗೆ ಟೇಪು ಹಿಡಿದು ನಡು ಮತ್ತು ಪೃಷ್ಠದ ಸುತ್ತಳತೆ ಅಳೆದರು. ದೇಶದಲ್ಲಿ ನೂರಕ್ಕೆ 24 ಹೆಂಗಸರು, 23 ಗಂಡಸರು ಮಾತ್ರ ತೂಕದ ಲೆಕ್ಕದಲ್ಲಿ ದಪ್ಪ. ಆದರೆ ನಡುವಿನ ಅಳತೆ ಪೃಷ್ಠದ ಅಳತೆಗೆ ಹೋಲಿಸಿದಾಗ ಅಪಾಯದ ಗೆರೆ ದಾಟಿದವರು 57 ಹೆಂಗಸರು, 48 ಗಂಡಸರು. ಗಂಡಸರದೇ ಹೊಟ್ಟೆ ಎಂಬ ನಮ್ಮ ತಮಾಷೆ ಇಲ್ಲಿ ನಿಲ್ಲುವುದಿಲ್ಲ. ಹೆಂಗಸಿನ ಹೊಟ್ಟೆ ಸೀರೆಯ ಸೆರಗಿನ ಹಿಂದೆ ಮರೆಯಾಗಿತ್ತು, ಅಷ್ಟೆ.

ಅಳೆಯುವುದು ಹೇಗೆ?

ಪ್ಯಾಂಟಿನ ಸೈಜನ್ನು ನಂಬಬೇಡಿ. ‘ಇಪ್ಪತ್ತು ವರ್ಷದಿಂದ ನನ್ನದು ಮೂವತ್ನಾಲ್ಕೇ’ ಎಂದು ಹೆಮ್ಮೆ ಪಡುವವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸುತ್ತಾ ಬಂದಿರುತ್ತಾರೆ. ದರ್ಜಿಯ ಟೇಪು ತೆಗೆದುಕೊಳ್ಳಿ. ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಬಟ್ಟೆ ಸರಿಸಿ, ಉಸಿರನ್ನು ಸಹಜವಾಗಿ ಬಿಟ್ಟ ಮೇಲೆ ಅಳೆಯಿರಿ. ಹೊಟ್ಟೆ ಒಳಗೆಳೆದುಕೊಳ್ಳುವಂತಿಲ್ಲ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ. ಟೇಪು ಇಲ್ಲವೆ? ಉಡುದಾರ ಹೊಸೆಯುವಂಥ ನೂಲನ್ನು ತಲೆಯಿಂದ ಹಿಮ್ಮಡಿವರೆಗೆ ಹಿಡಿದು ಕತ್ತರಿಸಿ, ಸರಿಯಾಗಿ ಎರಡು ಮಡಿಕೆ ಮಾಡಿ ನಡುವಿಗೆ ಸುತ್ತಿ. ತುದಿಗಳು ಕೂಡದಿದ್ದರೆ ಹೊಟ್ಟೆ ನಿಮ್ಮ ಎತ್ತರದ ಅರ್ಧಕ್ಕಿಂತ ಹೆಚ್ಚಿದೆ ಎಂದರ್ಥ. ಕುಳ್ಳಗಿರುವವರಿಗೆ ಈ ಲೆಕ್ಕ ಸ್ವಲ್ಪ ಬಿಗಿ, ಆದರೆ ಕೆಟ್ಟದ್ದಲ್ಲ. ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಬಂದು ತುಂಬುವ ನಮೂನೆಯಲ್ಲೂ ನಡುವಿನ ಅಳತೆಯ ಪ್ರಶ್ನೆಯಿದೆ. ನಾಚಿಕೊಂಡು ಅಂದಾಜಿಗೆ ಬರೆಸಬೇಡಿ.

ಅಳತೆ ಹೆಚ್ಚಿದ್ದರೆ ಗಾಬರಿ ಬೇಡ. ಒಳ್ಳೆಯ ಸುದ್ದಿಯೆಂದರೆ ಹೊಟ್ಟೆಯೊಳಗಿನ ಕೊಬ್ಬು ಬೇಗ ಬಂದಂತೆ ಬೇಗ ಕರಗುತ್ತದೆ, ತೊಡೆಯದರಷ್ಟು ಮೊಂಡಲ್ಲ. ತೂಕ ಇಳಿಯದಿದ್ದರೂ ನಡಿಗೆ ಕೆಲಸ ಮಾಡುತ್ತದೆ. ಚೆನ್ನೈಯ ವೈದ್ಯರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಆರಿಸಿ ಅವರಲ್ಲಿ ಕೆಲವರಿಗೆ ಆಹಾರದ ಹಿಡಿತ, ದಿನಕ್ಕೆ ಅರ್ಧ ಗಂಟೆ ನಡಿಗೆ ಹೇಳಿಕೊಟ್ಟು ಸುಮಾರು ಎರಡೂವರೆ ವರ್ಷ ನೋಡಿದರು. 2006ರಲ್ಲಿ ಬಂದ ಅವರ ವರದಿಯಲ್ಲಿ, ಹಾಗೆ ನಡೆದುಕೊಂಡವರಲ್ಲಿ ಕಾಯಿಲೆಗೆ ಜಾರುವ ಪ್ರಮಾಣ ಶೇ. 28ರಷ್ಟು ಕಡಿಮೆಯಾಗಿತ್ತು, ಹೇಳಿಕೊಳ್ಳುವಷ್ಟು ತೂಕ ಇಳಿಯದೆಯೇ.

ಮೊಬೈಲಿನಲ್ಲೇ ಪಂಪು ಚಾಲೂ ಮಾಡಿ, ತೋಟಕ್ಕೆ ಬೈಕಿನಲ್ಲಿ ಹೋಗಿ ಬರುವ ಅಡಕೆ, ತೆಂಗಿನ ಬೆಳೆಗಾರರು ‘ನಾವು ರೈತರು, ನಮಗೆ ವ್ಯಾಯಾಮ ಏಕೆ’ ಎನ್ನುತ್ತಾರೆ. ಬೈಕು ಬಿಟ್ಟು ತೋಟಕ್ಕೆ ನಡೆದೇ ಹೋಗಿ. ‘ರಾಗಿ ಮುದ್ದೆ ತಿಂದರೆ ಸಕ್ಕರೆ ಬರುವುದಿಲ್ಲ’ ಎಂಬುದೂ ಪೂರ್ತಿ ನಿಜವಲ್ಲ. ರಾಗಿಯೂ ಹಿಟ್ಟೇ. ಎರಡು ಮುದ್ದೆಯ ಜಾಗದಲ್ಲಿ ಒಂದು, ಅದರ ಜೊತೆ ಹುರುಳಿಯೋ ಅವರೆಯೋ ಸೊಪ್ಪೋ ಧಾರಾಳ. ಮುದ್ದೆಯ ಮೇಲೆ ಮತ್ತೆ ಅನ್ನ ಬೇಡ. ಚೇಳೂರಿನ ಹಲಸಿನ ಕಾಲದಲ್ಲಿ ಎರಡು ತೊಳೆಗೆ ನಿಲ್ಲಿಸಿ ಎಂದರೆ ಯಾರೂ ಕೇಳುವುದಿಲ್ಲ, ಆದರೂ ಹೇಳಿರುತ್ತೇನೆ. ಸಂಜೆಯ ಕುಡಿತದ ಬಗ್ಗೆ ಗಂಡಸರಿಗೆ ಬೇರೆ ಹೇಳಬೇಕಿಲ್ಲ. ಈಗಾಗಲೇ ಕೊಬ್ಬು ತುಂಬಿದ ಲಿವರಿನ ಮೇಲೆ ಅದು ಇನ್ನೊಂದು ಹೊರೆ. ಹೊಟ್ಟೆ ಕರಗಿಸುವ ಬೆಲ್ಟು, ಪುಡಿ, ಚಹಾಗಳ ಜಾಹೀರಾತಿಗೆ ದುಡ್ಡು ಸುರಿಯಬೇಡಿ. ಮುಟ್ಟು ನಿಂತವರು ಹೊಟ್ಟೆ ಇಳಿಯಲೆಂದು ಹಾರ್ಮೋನು ಮಾತ್ರೆ ನುಂಗುವುದೂ ಬೇಡ. ಅದನ್ನು ಕೊಡುವ ಕಾರಣಗಳು ಬೇರೆ.

ರಕ್ತ ಪರೀಕ್ಷೆಯನ್ನು ಖಾಲಿ ಹೊಟ್ಟೆಯಲ್ಲಿ ಮಾಡಿಸಬೇಕು. 126 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನೊಮ್ಮೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಜೊತೆಗೆ ರಕ್ತದೊತ್ತಡ, ಕೊಲೆಸ್ಟರಾಲ್. ಗುಬ್ಬಿಗೋ ತುಮಕೂರಿಗೋ ನಿಮ್ಮ ಸಕ್ಕರೆ ನೋಡಿಸಲು ಹೋಗುವ ಯಜಮಾನರೇ, ಮುಂದಿನ ಸಲ ಚೀಟಿ ಹಿಡಿದು ಜೊತೆಗೆ ಬರುವ ನಿಮ್ಮ ಮನೆಯವರಿಗೂ ಬೆಳಿಗ್ಗೆ ಕಾಫಿ ಕುಡಿಯಬೇಡ ಎಂದು ಹೇಳಿ. ಇಬ್ಬರ ರಕ್ತವನ್ನೂ ಒಟ್ಟಿಗೆ ಕೊಟ್ಟು, ಆಮೇಲೆ ಹೋಟೆಲಿನಲ್ಲಿ ಇಬ್ಬರೂ ಎರಡೆರಡು ಇಡ್ಲಿ ತಿನ್ನಿ.